ಮೂಗಿಗೆ ತಾಗುವಷ್ಟು ಹತ್ತಿರ

ಈಜುಕೊಳದಲ್ಲಿ ನನ್ನ ಮಗಳು ಬೇರೆಯವರ ಮಗುವಿನ ತಲೆ ಒರೆಸಿದ ಸುದ್ದಿ ಅವಳಿಗಿಂತ ಮೊದಲೇ ಮನೆಗೆ ಬಂತು. ತಂದವಳು ಮೊಮ್ಮಗಳು. ನಾನು ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದೆ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಜ್ಜಿ, ಅಮ್ಮ ಇವತ್ತು ಯಾರೋ ಹುಡುಗೀನ ನಾನೇ ಅಂದ್ಕೊಂಡು ಎಳ್ಕೊಂಡು ಬಂದು, ಬೈದು, ತಲೆ ಒರೆಸಿ, ಮೂಗೂ ಒರೆಸಿದ್ಲು."

"ಆ ಹುಡುಗಿ ಸುಮ್ಮನಿದ್ಲಾ?"

"ಇದ್ಲು. ಅವಳ ಅಮ್ಮ ಅಷ್ಟು ಚೆನ್ನಾಗಿ ಒರೆಸಲ್ವಂತೆ."

ಹಿಂದೆಯೇ ಮಗಳು ಬಂದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ದಪ್ಪ ಕನ್ನಡಕ ಮತ್ತೆ ಮೂಗಿನ ಮೇಲೆ ಕೂತಿತ್ತು. ತಾಯಿ ಮಗಳು ಇಬ್ಬರೂ ಹೊಸದಾಗಿ ಈಜು ಕಲಿಯಲು ಸೇರಿದ್ದರು. ಮಗುವನ್ನೊಂದನ್ನೇ ನೀರಿಗೆ ಬಿಡಲು ಧೈರ್ಯವಿಲ್ಲದೆ ತಾನೂ ಸೇರಿಕೊಂಡವಳು ಇವಳು. ಆದರೆ ನೀರಿಗಿಳಿಯಬೇಕಾದರೆ ಕನ್ನಡಕ ತೆಗೆಯಬೇಕು, ಕನ್ನಡಕ ತೆಗೆದರೆ ನನ್ನ ಮಗಳಿಗೆ ಒಂದು ಮೊಳದಾಚೆಗೆ ಲೋಕವಿಲ್ಲ. ಮೈನಸ್ ಎಂಟು.

ಊಟಕ್ಕೆ ಕೂತಾಗ ಅಳಿಯ ಬಿಡಲಿಲ್ಲ. ಅವನು ಬಸ್ಸು ಓಡಿಸುತ್ತಾನೆ.

"ಅತ್ತೆ, ಇದೇನು ಮಹಾ. ಹೋದ ವರ್ಷ ಕನ್ನಡಕ ಮುರಿದಿತ್ತಲ್ಲ, ಆಗ ಸ್ಟಾಪಿನಲ್ಲಿ ನನ್ನ ಬಸ್ಸಿಗೇ ಕೈ ಅಡ್ಡ ಹಾಕಿದ್ಲು. ನಿಲ್ಲಿಸಿದೆ. ನನ್ನ ಮುಖ ನೋಡ್ಕೊಂಡೇ 'ಇದು ಎಲ್ಲಿಗೆ ಹೋಗುತ್ತೆ ಸಾರ್' ಅಂದ್ಲು."

"ಸಾರ್ ಅಂದ್ಲಾ?"

"ಮದುವೆಯಾದ ಮೇಲೆ ಅಷ್ಟು ಮರ್ಯಾದೆ ಸಿಕ್ಕಿದ್ದು ಅವತ್ತೊಂದೇ ದಿನ."

ಮೊಮ್ಮಗಳು ನಕ್ಕು ನಕ್ಕು ನೆತ್ತಿಗೇರಿಸಿಕೊಂಡಳು. ಮಗಳು ಅವಳ ಬೆನ್ನು ತಟ್ಟಿದಳು. ತಾನು ಮಾತ್ರ ನಗಲಿಲ್ಲ.

"ನೀರಲ್ಲಿ ಎಲ್ಲ ತಲೆಗಳೂ ನಂಗೆ ಒಂದೇ ಥರ ಕಪ್ಪು ಚುಕ್ಕಿ," ಎಂದಳು. "ಇವಳು ಮುಳುಗಿದ್ರೂ ನಂಗೆ ಗೊತ್ತಾಗಲ್ಲ. ನಾನು ಲೇಸರ್ ಮಾಡಿಸ್ಕೋತೀನಿ."

ನಾನು ಎದ್ದು ಪಾತ್ರೆ ತೆಗೆದೆ. ಕಣ್ಣಿಗೆ ಬೆಂಕಿಯಂಥ ಬೆಳಕು ಬಿಡುತ್ತಾರಂತೆ, ಬೇಡ ಕಣೇ ಎಂದು ಹೇಳಬೇಕೆನಿಸಿತ್ತು. ಬೆಳೆದ ಮಗಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಪಾತ್ರೆಗಳನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ.

"ನೋಡಿ, ಅಮ್ಮಂಗೆ ಇಷ್ಟ ಇಲ್ಲ," ಎಂದಳು ಮಗಳು ಗಂಡನಿಗೆ, ಕೂತಲ್ಲಿಂದಲೇ.

"ನಾನೇನು ಅಂದೆ ಪುಟ್ಟಿ?"

"ಬಾಯಲ್ಲಿ ಏನೂ ಅನ್ನಲ್ಲ ನೀನು. ಪಾತ್ರೆ ಕುಕ್ಕಿ ಹೇಳ್ತೀಯ."

ಅವಳಿಗೆ ಮೂವತ್ತೆಂಟು. ನನಗೆ ಇನ್ನೂ ಪುಟ್ಟಿಯೇ.

ಕೆಳಗಿನ ಡ್ರೈಕ್ಲೀನಿಂಗ್ ಅಂಗಡಿಗೆ ಬರುವ ಹರಿದ, ತೂತಾದ ಬಟ್ಟೆಗಳನ್ನು ರಫು ಮಾಡುವುದು ಅವಳ ಕೆಲಸ. ಬಟ್ಟೆಯ ಒಳಮಡಿಕೆಯಿಂದ ನಾಲ್ಕಾರು ಎಳೆ ಬಿಡಿಸಿ, ಆ ಎಳೆಗಳನ್ನೇ ತೂತಿನ ಮೇಲೆ ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯಿಸಿ ಮತ್ತೆ ನೇಯಬೇಕು. ಮುಗಿದ ಮೇಲೆ ತೂತು ಎಲ್ಲಿತ್ತೆಂದು ಬಟ್ಟೆಯ ಒಡೆಯನಿಗೂ ತಿಳಿಯಬಾರದು. ನಡುಮನೆಯ ಕಿಟಕಿಯ ಪಕ್ಕ ಅವಳ ಮೇಜು. ಕೂತ ಕೂಡಲೇ ಕನ್ನಡಕವನ್ನು ತಲೆಯ ಮೇಲೆ ಏರಿಸಿ, ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಸೂಜಿ ಆಡಿಸುತ್ತಾಳೆ. ಒಮ್ಮೆ ಕೋಟು ಒಯ್ಯಲು ಬಂದವರೊಬ್ಬರು ಅದನ್ನು ನೋಡಿ ತುಂಬ ಸಂಕೋಚದಿಂದ, "ಒಗೆಸಿಯೇ ಕೊಟ್ಟಿದ್ದೆನಲ್ಲ, ಇನ್ನೂ ವಾಸನೆ ಇದೆಯಾ?" ಎಂದು ಕೇಳಿದ್ದರು.

ಕಣ್ಣಿನ ಆಸ್ಪತ್ರೆಗೆ ಜೊತೆಯಲ್ಲಿ ನಾನೇ ಹೋದೆ. ಒಂದು ಯಂತ್ರಕ್ಕೆ ಗಲ್ಲ ಕೊಡಿಸಿದರು, ಇನ್ನೊಂದಕ್ಕೆ ಹಣೆ ಕೊಡಿಸಿದರು. ಆಮೇಲೆ ಕಣ್ಣಿಗೆ ಹನಿ ಹಾಕಿ ಮುಚ್ಚಿಕೊಂಡು ಕೂರಲು ಹೇಳಿದರು. ತೆರೆದಾಗ ಅವಳ ಕಣ್ಣಿನ ಪಾಪೆಗಳು ಕತ್ತಲೆಯಲ್ಲಿ ಬೆಕ್ಕಿನದು ಹಿಗ್ಗುವಂತೆ ಹಿಗ್ಗಿದ್ದವು.

ಡಾಕ್ಟರಮ್ಮ ಎಲ್ಲ ನೋಡಿ, "ಕಣ್ಣು ಚೆನ್ನಾಗಿದೆ, ಮಾಡಬಹುದು," ಎಂದರು. ಮಗಳ ಮುಖ ಅರಳಿತು. ಅವರು ಬರೆಯುತ್ತಲೇ ಕೇಳಿದರು. "ಏನು ಕೆಲಸ ಮಾಡ್ತೀರಿ?"

"ಬಟ್ಟೆ ರಫು ಮಾಡ್ತೀನಿ ಮೇಡಂ."

"ಕನ್ನಡಕ ಹಾಕ್ಕೊಂಡೋ, ತೆಗೆದೋ?"

"ತೆಗೆದು."

ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಕೇಳಿ. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಹತ್ತಿರದ್ದು ಮಸುಕಾಗುತ್ತೆ. ನಿಮ್ಮಂಥವರು ಕನ್ನಡಕ ತೆಗೆದು ಬರಿಗಣ್ಣಲ್ಲಿ ನೋಡಿ ಬಚಾವಾಗ್ತೀರಿ. ಆಪರೇಷನ್ ಆದ್ರೆ ದೂರದ್ದು ಸಿಗುತ್ತೆ, ಆ ಅನುಕೂಲ ಹೋಗುತ್ತೆ. ಯೋಚನೆ ಮಾಡಿ ಹೇಳಿ. ಇವತ್ತು ಸೂಜಿ ಮುಟ್ಟಬೇಡಿ, ಹನಿ ಹಾಕಿದೀವಿ, ಹತ್ತಿರದ್ದು ಕಾಣಲ್ಲ."

ಮಗಳು ಎಲ್ಲದಕ್ಕೂ ತಲೆಯಾಡಿಸಿದಳು. ಅವಳು ಕೇಳಿಸಿಕೊಂಡದ್ದು 'ಮಾಡಬಹುದು' ಎಂಬಲ್ಲಿಯವರೆಗೆ ಮಾತ್ರ ಎಂದು ನನಗೆ ಗೊತ್ತಾಯಿತು. ಚಿಕ್ಕಂದಿನಲ್ಲಿ ಆಟಕ್ಕೆ ಕಳಿಸುವಾಗ ನಾನು ಹೇಳುತ್ತಿದ್ದ ಬುದ್ಧಿಮಾತಿಗೂ ಹೀಗೆಯೇ ತಲೆಯಾಡಿಸುತ್ತಿದ್ದಳು.

ದಾರಿಯಲ್ಲಿ ನನ್ನ ಮೊಣಕೈ ಹಿಡಿದುಕೊಂಡು ಬಂದಳು. ಕನ್ನಡಕದ ಮೇಲೆ ಆಸ್ಪತ್ರೆಯವರು ಕೊಟ್ಟ ಕಪ್ಪು ಹಾಳೆಯ ಕನ್ನಡಕ.

"ನಾಳೆಗೇ ಫೋನ್ ಮಾಡಿ ದಿನ ಕೇಳ್ತೀನಿ," ಎಂದಳು.

"ಕೇಳು. ಈಗ ಮೆಟ್ಟಿಲಿದೆ, ಕಾಲೆತ್ತು."

ಮನೆಯಲ್ಲಿ ಪಿಟೀಲು ನುಡಿಸುವವರೊಬ್ಬರ ಕರಿ ಕೋಟು ಕಾದಿತ್ತು. ತೋಳಿನಲ್ಲಿ ನುಸಿ ತಿಂದ ತೂತು. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಮೇಜಿನ ಮುಂದೆ ಕೂತಿದ್ದಳು.

"ಸೂಜಿ ಮುಟ್ಟಬೇಡಿ ಅಂದ್ರಲ್ಲೇ."

"ಒಂದೇ ಎಳೆ ಅಮ್ಮ. ಹೇಗೆ ಕಾಣುತ್ತೆ ನೋಡ್ತೀನಿ."

ಕನ್ನಡಕ ಹಾಕಿಕೊಂಡೇ ಬಗ್ಗಿ ನೋಡಿದಳು. ಕೋಟನ್ನು ದೂರ ಮಾಡಿದಳು, ಹತ್ತಿರ ತಂದಳು. ತೋಳೆಲ್ಲ ಹೊಗೆ ಕವಿದಂತಿದೆ ಎಂದಳು. ಬೆರಳಲ್ಲಿ ತಡವಿ ತೂತನ್ನು ಹುಡುಕಬೇಕಾಯಿತು. ಆಮೇಲೆ ಅಭ್ಯಾಸಬಲದಿಂದ ಕನ್ನಡಕ ತಲೆಯ ಮೇಲೇರಿತು, ಮೂಗು ಬಟ್ಟೆಗಿಳಿಯಿತು.

"ಈಗ ಕಾಣುತ್ತೆ," ಎಂದಳು. ಕನ್ನಡಕ ಇಳಿಸಿದಳು. "ಈಗ ಇಲ್ಲ." ಮತ್ತೆ ಏರಿಸಿದಳು. ದೀಪದ ಸ್ವಿಚ್ಚು ಸಿಕ್ಕಿದ ಮಗುವಿನ ಹಾಗೆ ಮೇಲೆ ಕೆಳಗೆ ಮಾಡುತ್ತಲೇ ಇದ್ದಳು.

"ತೆಗೆದ್ರೆ ಕಾಣುತ್ತಲ್ಲ, ತೆಗೆದೇ ನೋಡು. ಅದಕ್ಕೇನು?"

ಕೈ ನಿಲ್ಲಿಸಿದಳು. "ಆಪರೇಷನ್ ಆದ್ಮೇಲೆ ಹೀಗೇ ಮಸುಕಾದ್ರೆ ತೆಗೆಯೋಕೆ ಏನಿರುತ್ತೆ ಅಮ್ಮ?"

ನಾನು ಪಕ್ಕದಲ್ಲಿ ಕೂತೆ. ಡಾಕ್ಟರಮ್ಮನ ಮಾತು ಅಷ್ಟು ದೂರದಿಂದ ನಡೆದುಕೊಂಡು ಬಂದು ಈಗ ಅವಳನ್ನು ಮುಟ್ಟಿತ್ತು.

"ಭೂತಗನ್ನಡಿ ಇಟ್ಕೊಂಡು ಮಾಡಬಹುದಲ್ವಾ?" ಎಂದೆ. ಬೇಡ ಎನ್ನಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೂ ಹಾಗೆ ಅನ್ನಲಾಗಲಿಲ್ಲ.

"ಮಾಡಬಹುದು. ಎಷ್ಟೋ ಜನ ಮಾಡ್ತಾರೆ. ಅದರಲ್ಲಿ ನೋಡಿದ್ರೆ ಬಟ್ಟೆ ಎಲ್ಲೋ ಇದೆ, ನನ್ನ ಕೈ ಇನ್ನೆಲ್ಲೋ ಇದೆ ಅನ್ಸುತ್ತೆ. ಹೀಗೆ ಮುಖ ಇಟ್ರೆ ನಾನೇ ಬಟ್ಟೆ ಒಳಗೆ ಇರ್ತೀನಿ." ತೋಳಿನ ಮಡಿಕೆ ಸರಿಮಾಡಿದಳು. "ಆದ್ರೆ ಅವಳು ನೀರಲ್ಲಿರ್ತಾಳಲ್ಲ."

"ನಾನು ಬಂದು ದಡದಲ್ಲಿ ಕೂತು ನೋಡ್ಕೋತೀನಿ."

"ನೀನಾ? ಪೊರೆ ತೆಗೆಸ್ಕೋ ಅಂದ್ರೆ ಎರಡು ವರ್ಷದಿಂದ ತಪ್ಪಿಸ್ಕೊಂಡು ಓಡಾಡ್ತಿದ್ದೀಯ. ನೀನು ಅವಳನ್ನ ಬಿಟ್ಟು ನೀರಿನ ಚೆಂಡನ್ನ ಕಾಯ್ತಾ ಕೂರ್ತೀಯ."

ಮರುದಿನ ಫೋನ್ ಮಾಡಲಿಲ್ಲ. ಅದರ ಮರುದಿನವೂ ಇಲ್ಲ. ಈಜಿಗೂ ಹೋಗಲಿಲ್ಲ. ಮೊಮ್ಮಗಳು ದಿನಾ ಚೀಲ ಹಿಡಿದು ಬಾಗಿಲಲ್ಲಿ ನಿಂತು, ಮುಖ ಊದಿಸಿಕೊಂಡು ಒಳಗೆ ಬರುತ್ತಿದ್ದಳು. ಅಳಿಯನೂ ತಮಾಷೆ ಬಿಟ್ಟ. ಕೊನೆಗೆ ಆಸ್ಪತ್ರೆಯವರೇ ಫೋನ್ ಮಾಡಿದರು. ನಾವು ಮೂವರೂ ಸುತ್ತ ನಿಂತಿದ್ದೆವು.

"ಬೇಡ ಮೇಡಂ," ಎಂದಳು ಮಗಳು. "ಯೋಚನೆ ಮಾಡಿದೆ. ಇಷ್ಟು ಹತ್ತಿರ ನೋಡೋ ಕಣ್ಣನ್ನ ಬಿಟ್ಕೊಡೋಕೆ ಮನಸ್ಸಾಗ್ತಿಲ್ಲ. ಈಜೋವಾಗ ಮಗಳು ಕಾಣ್ತಿರಲಿಲ್ಲ, ಅದಕ್ಕೇ ಕೇಳಿದ್ದು. ಇನ್ನು ಈಜೋದೇ ಬಿಡ್ತೀವಿ, ಅಷ್ಟೇ."

ಆ ಕಡೆಯವರು ಏನೋ ಹೇಳಿದರು. ಮಗಳ ಬಾಯಿ ಸ್ವಲ್ಪ ತೆರೆದುಕೊಂಡಿತು. ಫೋನ್ ಇಟ್ಟ ಮೇಲೂ ಹಾಗೇ ಇತ್ತು.

"ಈಜೋವಾಗ ಹಾಕ್ಕೊಳ್ಳೋ ಕನ್ನಡಕಕ್ಕೂ ಪವರ್ ಹಾಕಿ ಕೊಡ್ತಾರಂತೆ," ಎಂದಳು. "ಯಾವ ಕನ್ನಡಕದ ಅಂಗಡಿಯಲ್ಲಾದ್ರೂ ಸಿಗುತ್ತಂತೆ. ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ರೀ."

"ನೀನು ಯಾರನ್ನ ಕೇಳಿದ್ದೆ?" ಎಂದ ಅಳಿಯ. "ನೇರವಾಗಿ ಕಣ್ಣಿಗೇ ಕೈ ಹಾಕೋಕೆ ಹೊರಟಿದ್ದೆ."

ಆ ಭಾನುವಾರ ನಾನೂ ಅವರ ಜೊತೆ ಹೋಗಿ ದಡದ ಬೆಂಚಿನ ಮೇಲೆ ಕೂತೆ. ಹೊಸ ಕನ್ನಡಕ ಕಣ್ಣಿಗೆ ಬಿಗಿದುಕೊಂಡು ಮಗಳು ಮೆಟ್ಟಿಲ ಮೇಲೆ ನಿಂತಾಗ ಅಳಿಯ, "ದೊಡ್ಡ ಕಪ್ಪೆ ಇಳೀತಿದೆ, ದಾರಿ ಬಿಡಿ," ಎಂದ. ಅವಳು ಅವನತ್ತ ನೋಡಲೇ ಇಲ್ಲ. ಇಡೀ ಕೊಳವನ್ನು ಈ ಕಡೆಯಿಂದ ಆ ಕಡೆಯವರೆಗೆ ಒಮ್ಮೆ ನೋಡಿದಳು, ಅಷ್ಟು ತಲೆಗಳ ನಡುವೆ ತನ್ನದನ್ನು ಗುರುತು ಹಿಡಿದಳು, ಆ ಕಡೆಗೇ ಹೋದಳು. ಮೊಮ್ಮಗಳು ಎರಡೂ ಕೈ ಬೀಸಿ ಚೆನ್ನಾಗಿ ಈಜುತ್ತಿದ್ದಳು. ನನ್ನ ಪೊರೆ ಬಂದ ಕಣ್ಣಿಗೂ ಹೆಮ್ಮೆಯಾಗುವಷ್ಟು ಚೆನ್ನಾಗಿತ್ತು.

ಮಗಳು ಹತ್ತಿರ ಹೋಗಿ ನೀರೊಳಗೆ ಮುಖ ಹಾಕಿದಳು. ಬಹಳ ಹೊತ್ತು ಎತ್ತಲಿಲ್ಲ. ಎತ್ತಿದಾಗ ನಗು ತಡೆಯಲಾರದೆ ನೀರು ಕುಡಿದು ಕೆಮ್ಮುತ್ತಿದ್ದಳು.

"ಅಮ್ಮ, ಇವಳು ಈಜ್ತಾನೇ ಇಲ್ಲ. ಕೈ ಮಾತ್ರ ಬೀಸ್ತಾಳೆ. ಕೆಳಗೆ ಆರಾಮವಾಗಿ ನಡ್ಕೊಂಡು ಹೋಗ್ತಿದ್ದಾಳೆ."

ಮೊಮ್ಮಗಳು ದಡಕ್ಕೆ ಬಂದು ನನ್ನ ಪಾದದ ಹತ್ತಿರ ಗಲ್ಲ ಊರಿದಳು. ಅಮ್ಮನಿಗೆ ಕೇಳಿಸದಂತೆ ಪಿಸುಗುಟ್ಟಿದಳು.

"ಅಜ್ಜಿ, ಆ ಕನ್ನಡಕ ಅಂಗಡಿಯವರು ವಾಪಸ್ ತಗೋತಾರಾ?"