ಎಲ್ಲ ಚರ್ಮಕ್ಕೂ ಒಂದೇ ಬಣ್ಣ

2023ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ತಂಗಿಯ ಗಂಡನ ಸಂದೇಶ ಬಂತು.

"ಅಕ್ಕ, ನಿಮ್ಮ ಪ್ರೀಸೆಟ್ ಕೆಟ್ಟಿದೆ. ಮಗು ಚೆನ್ನಾಗಿ ಬರುತ್ತೆ, ಹಾಸಿಗೆ ಬಟ್ಟೆ ಮಾತ್ರ ನೀಲಿ ಆಗುತ್ತೆ. ಒಂಚೂರು ನೋಡಿ."

ಜೊತೆಗೆ ಒಂದು ಫೋಲ್ಡರ್ ಕಳಿಸಿದ್ದ. ಮಗು ಹುಟ್ಟಿದ ಶುಕ್ರವಾರದಿಂದ ಆ ದಿನ ಬೆಳಗಿನವರೆಗೆ ತೆಗೆದ ಫೋಟೊಗಳೆಲ್ಲ ಅದರಲ್ಲಿದ್ದವು. ಅವನು ಮದುವೆ ಫೋಟೊಗ್ರಾಫರ್. ಸ್ವಂತ ಮಗುವಿನ ವಿಷಯದಲ್ಲೂ ಕ್ಯಾಮೆರಾ ಕೆಳಗಿಡುವ ಜಾತಿಯಲ್ಲ.

ನಾನು ಓದಿದ್ದು ರಸಾಯನಶಾಸ್ತ್ರ. ಹೊಟ್ಟೆಪಾಡಿಗೆ ಮಾಡುವುದು ಪ್ರೀಸೆಟ್. ಡಿಜಿಟಲ್ ಕ್ಯಾಮೆರಾದ ಫೋಟೊವನ್ನು ಒಂದೇ ಕ್ಲಿಕ್ಕಿನಲ್ಲಿ ಹಳೆಯ ಫಿಲ್ಮಿನಲ್ಲಿ ತೆಗೆದಂತೆ ಕಾಣಿಸುವ ಬಣ್ಣದ ಹೊಂದಿಕೆಗೆ ಆ ಹೆಸರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಮರ್ಯಾದಸ್ಥರ ಕೆಲಸ ಎಂದೇ ನಂಬಿದ್ದೆ. ಎಲ್ಲೋ ಉಳಿದ ಫಿಲ್ಮ್ ರೋಲುಗಳನ್ನು ಹುಡುಕಿ ತರುತ್ತಿದ್ದೆವು. ಬಣ್ಣದ ಚೌಕಗಳಿರುವ ಒಂದು ಹಲಗೆಯನ್ನು ಒಂದೇ ಬೆಳಕಿನಲ್ಲಿ ಫಿಲ್ಮಿನಲ್ಲೊಮ್ಮೆ, ಡಿಜಿಟಲ್‌ನಲ್ಲೊಮ್ಮೆ ತೆಗೆಯುತ್ತಿದ್ದೆವು. ಫಿಲ್ಮ್ ತೊಳೆದು, ಸ್ಕ್ಯಾನ್ ಮಾಡಿ, ಒಂದೊಂದು ಚೌಕ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂದು ಅಳೆಯುತ್ತಿದ್ದೆ. ಫಿಲ್ಮಿನಲ್ಲಿ ಮೂರು ಪದರ, ಒಂದೊಂದು ಪದರಕ್ಕೂ ಒಂದೊಂದು ವರ್ಣದ್ರವ್ಯ. ಯಾವುದೂ ಪೂರ್ತಿ ಶುದ್ಧವಲ್ಲ. ಆದ್ದರಿಂದ ಫಿಲ್ಮ್ ತಪ್ಪುತ್ತದೆ, ನಿಜ. ಆದರೆ ಅದಕ್ಕೆ ಮುಖ ಯಾವುದು, ಮೇಜು ಯಾವುದು ಎಂದು ಗೊತ್ತಿಲ್ಲ. ಎಲ್ಲದಕ್ಕೂ ಒಂದೇ ಸಮ ತಪ್ಪುತ್ತದೆ. ಆ ನಿಷ್ಪಕ್ಷಪಾತ ನನಗೆ ಇಷ್ಟವಾಗಿತ್ತು.

ನಮ್ಮ ಯಜಮಾನರಿಗೆ ಆಫೀಸಿನಲ್ಲಿ ಹಿಂದಿನಿಂದ ಕರೆಯುವ ಹೆಸರು ಜೇನು. ಏನೇ ತೋರಿಸಿದರೂ ಕುತ್ತಿಗೆ ಓರೆ ಮಾಡಿ, "ಚೆನ್ನಾಗಿದೆ, ಇನ್ನೂ ಸ್ವಲ್ಪ ಜೇನು ಬೇಕು" ಅನ್ನುವುದು ಅವರ ಅಭ್ಯಾಸ. ನಾನು ಅಳೆದು ಮಾಡಿದ ಎರಡನೆಯ ಪ್ರೀಸೆಟ್ಟಿನಲ್ಲಿ ಹಳದಿ ಹಳದಿಯಾಗಿಯೇ ಉಳಿದಿತ್ತು, ಫಿಲ್ಮಿನಲ್ಲಿ ಇದ್ದ ಹಾಗೆಯೇ. ಕೊಂಡವರು ದೂರಿದರು: ಮನೆಮಂದಿಯೆಲ್ಲ ರೋಗಿಗಳ ಹಾಗೆ ಕಾಣುತ್ತಾರೆ.

"ಫಿಲ್ಮ್ ಹಾಗೇ ಇತ್ತು ಸಾರ್" ಅಂದೆ.

"ಜನಕ್ಕೆ ಫಿಲ್ಮ್ ಯಾಕಮ್ಮ? ಫಿಲ್ಮ್ ಅಂದ್ರೆ ಅವರಿಗೆ ಏನು ನೆನಪಾಗುತ್ತೋ ಅದನ್ನ ಕೊಡು."

ಹೀಗೆ 'ಹಳೇ ಬೇಸಿಗೆ' ಹುಟ್ಟಿತು. ಕೆಂಪಿನಿಂದ ಹಿಡಿದು ಹಸಿರು ತಗುಲಿದ ಹಳದಿಯವರೆಗೆ ಮನುಷ್ಯರ ಚರ್ಮದಲ್ಲಿ ಬರಬಹುದಾದ ಬಣ್ಣಗಳನ್ನೆಲ್ಲ ಎಳೆದು ತಂದು ಒಂದೇ ತೆಳು ಗೆರೆಯ ಮೇಲೆ ಕೂರಿಸಿದೆವು. ಆ ಗೆರೆಗೆ ಮಾಗಿದ ಹಣ್ಣಿನ ಸಿಪ್ಪೆಯ ಬಣ್ಣ. ಕಣ್ಣಿನ ಬಿಳಿಯನ್ನು ಹಾಲಿನಂತೆ ಮಾಡುವ ಏರ್ಪಾಡೂ ಇತ್ತು. ಮೇಲಿಂದ ಹಳೆಯ ಫಿಲ್ಮಿನದೆನ್ನುವಂತೆ ಉದುರಿಸಿದ ಮರಳು ಮರಳಾದ ಚುಕ್ಕೆ, ಹಳಸಿದ್ದಕ್ಕೆ ಒಗ್ಗರಣೆ ಹಾಕಿದ ಹಾಗೆ. ಜಾಹೀರಾತಿನ ಸಾಲು ಜೇನು ಅವರೇ ಬರೆದರು: ಎಲ್ಲ ಚರ್ಮಕ್ಕೂ ಒಂದೇ ಬಣ್ಣ. ಅದು ಬಿಸಿ ಬಿಸಿ ಖರ್ಚಾಯಿತು. ಆಮೇಲೆ ಎಲ್ಲಿ ನೋಡಿದರೂ ಅದೇ. ಮದುಮಗಳು, ಅವಳ ಅಜ್ಜಿ, ಕುಡಿದು ಕುಡಿದು ಮೂಗು ಕೆಂಪಾದ ದೊಡ್ಡಪ್ಪ, ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮೇಣದ ಮುಖ. ದಿನಕ್ಕೆ ನೂರಾರು ಅಂಥ ಮುಖ ನೋಡಿ ಮನೆಗೆ ಹೋದರೆ ಊಟದ ತಟ್ಟೆಯೂ ಜಿಡ್ಡುಜಿಡ್ಡಾಗಿ ಕಾಣುತ್ತಿತ್ತು. ಎದುರಿಗಿದ್ದವರ ಕೆನ್ನೆ ಕಂಡರೆ ಒರೆಸಬೇಕು ಅನಿಸುತ್ತಿತ್ತು.

ತಂಗಿಯ ಗಂಡನಿಗೆ ಅದೇ ಪ್ರೀಸೆಟ್ ಪಂಚಪ್ರಾಣ. ಕ್ಯಾಮೆರಾದಿಂದ ಫೋಟೊ ಕಂಪ್ಯೂಟರಿಗೆ ಇಳಿಯುವಾಗಲೇ ತಾನಾಗಿ 'ಹಳೇ ಬೇಸಿಗೆ' ಹತ್ತುವಂತೆ ಇಟ್ಟುಕೊಂಡಿದ್ದ. ಅಂದರೆ ಮೂಲ ಫೋಟೊ ಹೇಗಿದೆ ಎಂದು ಅವನು ನೋಡುತ್ತಲೇ ಇರಲಿಲ್ಲ.

ಆ ದಿನದ ಫೋಟೊ ತೆರೆದೆ. ಬಿಳಿ ಬಟ್ಟೆಯ ಮೇಲೆ ಮಗು ಮಲಗಿತ್ತು, ಗೊಂಬೆಯ ಹಾಗೆ. ಬಟ್ಟೆ ಹೌದು, ನೀಲಿ. ಅಳತೆ ನೋಡಿದರೆ ಕೆಂಪಿಗಿಂತ ನೀಲಿ ಇಪ್ಪತ್ತಕ್ಕೂ ಹೆಚ್ಚು. ಕಣ್ಣಿನದು ಬಿಟ್ಟರೆ ಬೇರೆ ಬಿಳಿಯನ್ನು ಪ್ರೀಸೆಟ್ ಮುಟ್ಟುವುದಿಲ್ಲ. ಅದನ್ನು ಮಾಡಿದವಳು ನಾನು, ನನಗೆ ಗೊತ್ತು. ಆದ್ದರಿಂದ ಯಾರೋ ಮೊದಲೇ ಇಡೀ ಫೋಟೊವನ್ನು ನೀಲಿಯ ಕಡೆಗೆ ತಳ್ಳಿರಬೇಕು; ಬಣ್ಣದ ಉಷ್ಣಾಂಶ ಎನ್ನುವ ಸ್ಲೈಡರ್ ಇಳಿಸಿದರೆ ಹಾಗಾಗುತ್ತದೆ. ಫೋನ್ ಮಾಡಿದೆ.

"ಬಣ್ಣದ ಉಷ್ಣಾಂಶ ನೀನು ಇಳಿಸಿದ್ಯಾ?"

"ಹೂಂ. ಇಳಿಸದಿದ್ರೆ ಮುಖ ಸರಿಯಾಗಿ ಬರಲ್ಲ. ರೂಮಿನ ಬಲ್ಬು ಹಳದಿ ಅಕ್ಕ."

"ಇವತ್ತಿನ ಫೋಟೊ ತೆಗೆದಾಗ ಬಲ್ಬು ಹಾಕಿತ್ತಾ?"

"ಇಲ್ಲ. ಕಿಟಕಿ ಹತ್ತಿರ ತೆಗೆದೆ. ಯಾಕೆ?"

"ಆಮೇಲೆ ಹೇಳ್ತೀನಿ" ಎಂದು ಇಟ್ಟು, ಪ್ರೀಸೆಟ್ ತೆಗೆದೆ. ಅವನು ತಳ್ಳಿದ್ದನ್ನು ಹಿಂದಕ್ಕೆ ತಂದೆ. ಕಿಟಕಿಯ ಬೆಳಕಿಗೆ ಸರಿಯಾದ ಮಟ್ಟಕ್ಕೆ ಬಂದಾಗ ಬಟ್ಟೆಯ ಕೆಂಪು, ಹಸಿರು, ನೀಲಿ ಮೂರೂ ಅಂಕಿಗಳು ಹತ್ತಿರ ಹತ್ತಿರ ಕೂಡಿದವು. ಬಟ್ಟೆ ಅಪ್ಪಟ ಬಿಳಿ. ಅದರ ಮೇಲಿದ್ದ ಮಗು ಹಳದಿ. ಒಂದು ಫೋಟೊದಲ್ಲಿ ಕಣ್ಣು ಅರ್ಧ ತೆರೆದಿತ್ತು; ನಾವು ಹಾಲಿನಂತೆ ಮಾಡಿದ್ದ ಕಣ್ಣಿನ ಬಿಳಿಯೂ ಹಳದಿ.

ಉಳಿದ ದಿನಗಳ ಫೋಟೊಗಳನ್ನೂ ಹಾಗೇ ಬಿಚ್ಚಿ ಪಕ್ಕಪಕ್ಕಕ್ಕೆ ಇಟ್ಟೆ. ಶನಿವಾರದವರೆಗೆ ಏನೂ ಇರಲಿಲ್ಲ. ಭಾನುವಾರ ಮುಖದಲ್ಲಿ. ಸೋಮವಾರ ಎದೆ, ಹೊಟ್ಟೆ. ಇವತ್ತು ಕಾಲು, ಪಾದ. ತೊಟ್ಟಿಯಲ್ಲಿ ನೀರು ಏರಿದರೆ ಕಲೆ ಕೆಳಗಿಂದ ಮೇಲಕ್ಕೆ ಹೋಗುತ್ತದೆ. ಇದು ಮೇಲಿಂದ ಕೆಳಕ್ಕೆ ಇಳಿಯುತ್ತಿತ್ತು. ಎಳೆಯ ಮಕ್ಕಳ ಕಾಮಾಲೆ ಹೆಚ್ಚಿದಂತೆಲ್ಲ ತಲೆಯಿಂದ ಪಾದದ ಕಡೆಗೆ ಇಳಿಯುತ್ತದೆ ಎನ್ನುವಷ್ಟು ಓದಿಕೊಂಡಿದ್ದೆ. ಪಾದ ಮುಟ್ಟಿದೆ ಎಂದರೇನು ಎನ್ನುವುದೂ ಗೊತ್ತಿತ್ತು.

ಮನೆಯವರ ಗುಂಪಿಗೆ ಅವನು ದಿನವೂ ಕಳಿಸಿದ್ದ ಫೋಟೊಗಳನ್ನು ಪರದೆಯ ಇನ್ನೊಂದು ಕಿಟಕಿಯಲ್ಲಿ ತೆರೆದೆ. ಐದೂ ದಿನ ಒಂದೇ ಮಗು, ಒಂದೇ ಹಣ್ಣಿನ ಬಣ್ಣ. ಅದರ ಕೆಳಗೆ ಬಾಣಂತನಕ್ಕೆ ತಂಗಿಯ ಜೊತೆಗಿದ್ದ ಅಮ್ಮನ ಮಾತು: "ಎಂಥಾ ಸಾಧು ಮಗು, ಅಳೋದೇ ಇಲ್ಲ. ಎಬ್ಬಿಸಿದ್ರೂ ಏಳಲ್ಲ." ಅದರ ಕೆಳಗೆ ನಾನೇ ಒತ್ತಿದ್ದ ಒಂದು ಹೃದಯ.

ಅವನಿಗೆ ಮತ್ತೆ ಫೋನ್ ಮಾಡಿ, ತಕ್ಷಣ ಆಸ್ಪತ್ರೆಗೆ ಹೊರಡಲು ಹೇಳಿದೆ.

"ಅಕ್ಕ, ಸ್ಟುಡಿಯೊಗೆ ಬಂದಿದೀನಿ, ಮಧ್ಯಾಹ್ನ ಒಂದು ಆಲ್ಬಂ ಕೊಡಬೇಕು. ಗುರುವಾರ ಹೇಗೂ ಚೆಕಪ್ ಇದೆ."

"ಮಗು ಹಳದಿ ಆಗಿದೆ ಕಣೋ."

"ಅಯ್ಯೋ, ನೀವು ದಿನವಿಡೀ ಹಳದಿ ಸ್ಲೈಡರ್ ಎಳೀತೀರ, ಪಾಪ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ." ನಕ್ಕ. "ನನಗೂ ಕಣ್ಣಿದೆ. ಅದೇ ಫೋಟೊನ ನಾನೂ ಮಾನಿಟರ್‌ನಲ್ಲಿ ನೋಡ್ತಾ ಇದೀನಿ. ಮಗು ಫಸ್ಟ್ ಕ್ಲಾಸ್ ಇದೆ."

"ಮಾನಿಟರ್ ಅಲ್ಲ, ಮಗುವನ್ನ ನೋಡು."

"ನೀವು ಕೆಮಿಸ್ಟ್ರಿ ಅಕ್ಕ, ಡಾಕ್ಟರ್ ಅಲ್ಲ" ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಇನ್ನಷ್ಟು ಅಸಹ್ಯವಾಯಿತು. ಇಟ್ಟುಬಿಟ್ಟೆ. ತಂಗಿಗೆ ಮಾಡಿದೆ.

"ಮಗು ಏನು ಮಾಡ್ತಿದೆ?"

"ಮಲಗಿದೆ. ಬೆಳಿಗ್ಗೆಯಿಂದ ಎಬ್ಬಿಸ್ತಾನೇ ಇದೀನಿ. ಎರಡು ಗುಟುಕು ಕುಡಿದು ಮತ್ತೆ ಜೋತುಬೀಳುತ್ತೆ."

"ಕಿಟಕಿ ಹತ್ತಿರ ಎತ್ಕೊಂಡು ಬಾ. ಮೊಣಕಾಲಿನ ಕೆಳಗೆ ಬೆರಳಲ್ಲಿ ಒತ್ತಿ ಬಿಡು. ಬಿಟ್ಟ ತಕ್ಷಣ ಯಾವ ಬಣ್ಣ ಇರುತ್ತೆ ನೋಡಿ ಹೇಳು."

ಕಿಟಕಿಯ ಪರದೆ ಸರಿಸಿದ ಸದ್ದು. ಅಮ್ಮ ಹಿಂದಿನಿಂದ ಏನೋ ಕೇಳಿದರು.

"ಹಳದಿ" ಅಂದಳು. ಆಮೇಲೆ ಮೆಲ್ಲಗೆ, "ನಾನು ಭಾನುವಾರಾನೇ ಹೇಳಿದೆ ಅಕ್ಕ. ಇವರು ಸ್ಕ್ರೀನ್ ಮುಂದೆ ಕೂರಿಸಿ, ಎಲ್ಲಿದೆ ಹಳದಿ ತೋರಿಸು ಅಂದ್ರು. ತೋರಿಸೋಕೆ ಆಗ್ಲಿಲ್ಲ. ಅಮ್ಮಾನೂ ನೋಡಿ, ಬಾಣಂತಿಗೆ ನಿದ್ದೆ ಇಲ್ಲ, ಏನೇನೋ ಕಾಣುತ್ತೆ ಅಂದ್ರು. ಆಸ್ಪತ್ರೆಗೂ ಫೋಟೊ ಕಳಿಸಿದ್ವಿ. ನರ್ಸು, ಚೆನ್ನಾಗಿದೆ, ಗುರುವಾರ ಬನ್ನಿ ಅಂತ ಬರೆದ್ರು."

"ಯಾವ ಫೋಟೊ?"

"ಅದೇ. ಇವರ ಹತ್ರ ಬೇರೆ ಯಾವುದಿದೆ?"

"ಅಮ್ಮನ್ನ ಕರ್ಕೊಂಡು ಈಗಲೇ ಟ್ಯಾಕ್ಸಿ ಹತ್ತು. ಅವನಿಗೋಸ್ಕರ ಕಾಯಬೇಡ. ನಾನು ಅಲ್ಲಿಗೇ ಬರ್ತೀನಿ."

ಚೀಲ ತೆಗೆದುಕೊಂಡು ಏಳುವಷ್ಟರಲ್ಲಿ ಜೇನು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಪರದೆಯ ಮೇಲೆ ಇನ್ನೂ ಎರಡು ಮಗು, ಎಡಕ್ಕೊಂದು, ಬಲಕ್ಕೊಂದು.

"ಎಡಗಡೇದು ಮೂಲಾನಾ?"

"ಹೌದು."

"ಬಲಗಡೇದು ನಮ್ಮದು." ಬಗ್ಗಿದರು. ಅವರ ಉಸಿರು ನನ್ನ ಭುಜಕ್ಕೆ ತಗುಲಿತು. "ಎಂಥಾ ಡೆಮೊ ಮಾರಾಯ್ತಿ ಇದು. ಇಷ್ಟು ಹಳದೀನೂ ಎತ್ತಿಬಿಡುತ್ತೆ ಅಂದ್ರೆ! ಮೊದಲು, ಆಮೇಲೆ ಅಂತ ಹಾಕಿದ್ರೆ ಸಾಕು, ಒಂದು ಅಕ್ಷರ ಬರೆಯೋದು ಬೇಡ. ಎಳೆ ಮಕ್ಕಳ ಫೋಟೊ ತೆಗೆಯೋರೇ ಈಗ ಜಾಸ್ತಿ."

"ಅದು ನನ್ನ ತಂಗಿ ಮಗು ಸಾರ್. ಕಾಮಾಲೆ ಆಗಿದೆ."

"ಅಯ್ಯೋ ಪಾಪ" ಅಂದರು. ನಿಜವಾಗಿಯೂ ನೊಂದುಕೊಂಡರು, ಮುಖ ಸಣ್ಣದಾಯಿತು. ಲಿಫ್ಟಿನವರೆಗೆ ನನ್ನ ಜೊತೆಗೇ ಬಂದರು. ಬಾಗಿಲು ಮುಚ್ಚುವಾಗ ಕೈ ಅಡ್ಡ ಹಿಡಿದು, "ಮುಖ ಬೇಡ. ಬರೀ ಕೈ ಕತ್ತರಿಸಿ ಹಾಕೋಣ. ಯಾರ ಮಗು ಅಂತ ಗೊತ್ತಾಗಲ್ಲ. ತಂಗಿಯವರನ್ನ ಒಂದು ಮಾತು ಕೇಳಿ ನೋಡು" ಅಂದರು.

ನಾನು ಅವರ ಕೈಯನ್ನು ಬಾಗಿಲಿನಿಂದ ತೆಗೆದೆ. ಬೆಚ್ಚಗೆ, ಮೆತ್ತಗೆ ಇತ್ತು. ಕೆಳಗಿಳಿಯುವವರೆಗೂ ನನ್ನ ಬೆರಳುಗಳನ್ನು ಬಟ್ಟೆಗೆ ಉಜ್ಜುತ್ತಿದ್ದೆ.

ಆಸ್ಪತ್ರೆಯ ಆ ಕೋಣೆಯಲ್ಲಿ ಬಿಳಿ ಟ್ಯೂಬ್‌ಲೈಟು, ಬಿಳಿ ಗೋಡೆ. ಯಾವ ಬಣ್ಣಕ್ಕೂ ಅಡಗಲು ಜಾಗವಿರಲಿಲ್ಲ. ಮಗುವನ್ನು ಬಿಚ್ಚಿ ಮಲಗಿಸಿದಾಗ ಅಮ್ಮ ಒಂದು ಹೆಜ್ಜೆ ಹಿಂದೆ ಸರಿದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನರ್ಸು ಪೆನ್ನಿನಂಥ ಒಂದು ಉಪಕರಣವನ್ನು ಮಗುವಿನ ಎದೆಗೆ ತಾಗಿಸಿದಳು. ಅದು ಚರ್ಮದ ಮೇಲೆ ಬೆಳಕು ಬಿಟ್ಟು, ವಾಪಸು ಬಂದ ಬೆಳಕಿನಿಂದ ಹಳದಿ ಎಷ್ಟಿದೆ ಎಂದು ಹೇಳುತ್ತದೆ. ನಾನು ದಿನವೂ ಮಾಡುವುದನ್ನೇ ಅದು ಮಾಡುತ್ತದೆ, ಅಳೆದದ್ದನ್ನು ಅಳಿಸುವುದಿಲ್ಲ ಅಷ್ಟೆ. ಅಂಕಿಯ ಬದಲು ಮಿತಿ ಮೀರಿದೆ ಎಂದು ತೋರಿಸಿತು. ನರ್ಸು ಹೊರಗೆ ಹೋಗಿ ಡಾಕ್ಟರಮ್ಮನನ್ನು ಕರೆತಂದಳು.

ಅಷ್ಟರಲ್ಲಿ ಅಮ್ಮನ ಫೋನ್ ಸಿಕ್ಕಿ ತಂಗಿಯ ಗಂಡ ಬಂದ. ಓಡಿ ಬಂದಿದ್ದ, ಬೆವರಿದ್ದ.

"ಯಾವಾಗಿಂದ ಹೀಗಿದೆ?" ಡಾಕ್ಟರಮ್ಮ ಕೇಳಿದರು.

"ನಿನ್ನೆ ಚೆನ್ನಾಗಿತ್ತು ಡಾಕ್ಟ್ರೇ. ಇವತ್ತು ಬೆಳಿಗ್ಗೇನೂ ಚೆನ್ನಾಗಿತ್ತು. ನೋಡಿ ಬೇಕಾದ್ರೆ." ಫೋನ್ ಚಾಚಿದ.

ಅವರು ಪರದೆ ನೋಡಿದರು, ಮಗುವನ್ನು ನೋಡಿದರು, ಮತ್ತೆ ಪರದೆ ನೋಡಿದರು.

"ಇದು ಯಾವ ಮಗು?"

"ನಮ್ಮದೇ."

"ಇಬ್ಬರಿದ್ದಾರಾ?"

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ತಂಗಿ ಅವನ ಕಡೆ ತಿರುಗಲಿಲ್ಲ. ಮಗುವಿನ ಪಾದವನ್ನು ಎರಡು ಬೆರಳಲ್ಲಿ ಹಿಡಿದು ಹಾಗೇ ನಿಂತಿದ್ದಳು. "ಎಲ್ಲಿದೆ ಹಳದಿ, ತೋರಿಸು ಅಂದ್ರಲ್ಲ" ಎಂದಳು, ಮಗುವಿಗೆ ಹೇಳುವಂತೆ.

ಹಿಮ್ಮಡಿಯಿಂದ ರಕ್ತ ತೆಗೆದರು. ಚುಚ್ಚಿದಾಗ ಮಗು ಅಳಲಿಲ್ಲ, ಮುಖ ಮಾತ್ರ ಹಿಂಡಿಕೊಂಡಿತು. ವರದಿ ಬರುವವರೆಗೆ ಕಾಯಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ದೀಪಗಳ ಕೆಳಗೆ ಮಲಗಿಸಿದರು. ಡಾಕ್ಟರಮ್ಮ ಗಾಜಿನ ಹೊರಗೆ ನಿಂತು ನಮಗೆ ತಿಳಿಸಿ ಹೇಳಿದರು. ರಕ್ತದಲ್ಲಿ ಸೇರಿರುವ ಈ ಹಳದಿ ವಸ್ತುವಿನ ಹೆಸರು ಬಿಲಿರುಬಿನ್. ನೀಲಿ ಬೆಳಕು ಅದರ ರೂಪ ಬದಲಿಸಿ ಹೊರಹೋಗುವಂತೆ ಮಾಡುತ್ತದೆ. ತುಂಬಾ ಏರಿದರೆ ಮಿದುಳಿಗೆ ನುಗ್ಗುತ್ತದೆ, ಆಮೇಲೆ ಕಿವಿ, ಕೈಕಾಲು, ಬುದ್ಧಿ ಯಾವುದಕ್ಕೂ ಖಾತರಿಯಿಲ್ಲ.

"ಈ ಮಗುವಿಗೆ ಇಪ್ಪತ್ತೈದು ಮಿಲಿಗ್ರಾಂ ನಮ್ಮ ಗೆರೆ" ಅಂದರು. "ಅದನ್ನ ದಾಟಿದ್ರೆ ದೀಪ ಸಾಲದು. ಮೈಯಲ್ಲಿರೋ ರಕ್ತಾನೇ ಸ್ವಲ್ಪ ಸ್ವಲ್ಪ ತೆಗೆದು ಬೇರೆ ರಕ್ತ ಕೊಡಬೇಕಾಗುತ್ತೆ."

"ಗುರುವಾರ ಬಂದಿದ್ರೆ?" ಅಮ್ಮ ಕೇಳಿದರು.

ಅವರು ಅಮ್ಮನನ್ನು ನೋಡಿದರು, ಆಮೇಲೆ ದೀಪದ ಕೆಳಗಿದ್ದ ಮಗುವನ್ನು ನೋಡಿದರು.

ನೀಲಿ ಬೆಳಕಿನಲ್ಲಿ ಮಗುವಿನ ಬಣ್ಣ ಏನೆಂದು ಹೇಳುವಂತಿರಲಿಲ್ಲ. ತಂಗಿಯ ಗಂಡ ಗಾಜಿಗೆ ಹಣೆ ಒತ್ತಿ ನಿಂತಿದ್ದ. ನನ್ನ ಕೈಯಲ್ಲಿ ಫೋನ್ ಎರಡು ಸಲ ನಡುಗಿತು, ಜೇನು ಅವರ ಸಂದೇಶ: "ಮಗು ಹೇಗಿದೆ? ತಂಗಿಯವರನ್ನ ಕೇಳಿದ್ಯಾ?" ಕಾರಿಡಾರಿನ ತುದಿಯ ತೊಟ್ಟಿಯವರೆಗೆ ಹೋಗಿ ಕಕ್ಕಿದೆ. ಬಾಯಿ ತೊಳೆದು ವಾಪಸು ಬರುವಾಗ ನರ್ಸು ವರದಿ ಹಿಡಿದು ಎದುರಿಗೆ ಬಂದಳು. ಎಷ್ಟು ಎಂದು ತಂಗಿ ಕೇಳಿದಳು, ನರ್ಸು ಓದಿದಳು.

ಪ್ರತಿ ಡೆಸಿಲೀಟರ್ ರಕ್ತಕ್ಕೆ 22.6 ಮಿಲಿಗ್ರಾಂ.