ಬನ್ನಿನ ಗಡಿಗೆ, ಗಂಜಿಯ ಗಡಿಗೆ

ಶುಕ್ರವಾರ ಬೆಳಗಿನಿಂದ ಗುರುಬಾಯಿ ಆ ಪುಟ್ಟ ಗಡಿಗೆಯ ಬಾಯಿಬಟ್ಟೆ ಸರಿಸಿ ನೋಡಿದ್ದು ಅದು ಏಳನೆಯ ಸಲ. ಕಿವಿ ಹತ್ತಿರ ಒಯ್ದರೆ ಒಳಗೆ ಸಣ್ಣಗೆ ಚಿಟಿಚಿಟಿ ಸದ್ದು. ಹುಳಿಹಿಟ್ಟಿನ ಮೇಲೆ ಗುಳ್ಳೆ ಏಳುತ್ತಿದ್ದವು, ಒಡೆಯುತ್ತಿದ್ದವು, ಮತ್ತೆ ಏಳುತ್ತಿದ್ದವು. ನಡುವೆ ಉಬ್ಬಿದ ಒಣದ್ರಾಕ್ಷಿಗಳು ತೇಲುತ್ತಿದ್ದವು.

"ಏಳ ಸಲ ಆತಲ್ಲಬೇ! ಹಡಿಯೂ ಹೆಂಗಸನ್ನ ಸುದ್ದಾ ನಾ ಇಷ್ಟ ಸಲ ನೋಡೂದಿಲ್ಲ," ಎಂದಳು ಮಾಳಿಗೆ ಕೋಣೆಯಿಂದ ಇಳಿದು ಬಂದ ಎಸ್ತೇರಬಾಯಿ.

ಗುರುಬಾಯಿ ನಾಚಿ ಬಟ್ಟೆ ಮುಚ್ಚಿದಳು. ಮಾತು ಅವಳಿಗೆ ಮೊದಲಿನಿಂದಲೂ ದುಬಾರಿ. ಅಪ್ಪನಿಗೆ ಏನಾದರೂ ಹೇಳಬೇಕಾದರೆ ಅವ್ವನ ಕಿವಿಯಲ್ಲಿ ಹೇಳುವಳು. ಅವ್ವ ಮಗ್ಗದ ಕುಣಿಯತ್ತ ತಿರುಗಿ ಕೂಗುವಳು. ಹತ್ತೊಂಬತ್ತು ವರ್ಷ ಹಾಗೆಯೇ ನಡೆದಿತ್ತು.

ಎಸ್ತೇರಬಾಯಿ ಬನಹಟ್ಟಿಯ ದವಾಖಾನೆಯ ನರ್ಸು. ಮೂರು ದಿನ ನೋವು ತಿಂದ ಅವ್ವ ಶಿವವ್ವನ ಹೊಟ್ಟೆಯಿಂದ ಗುರುಬಾಯಿಯ ಕಿರಿಯ ತಮ್ಮನನ್ನು ಜೀವಂತ ಹೊರತಂದವಳು ಅವಳೇ. ಅದಾದ ಮೇಲೆ ಶಿವವ್ವ ಯಾರ ಮಾತನ್ನೂ ಕೇಳದೆ ಮಾಳಿಗೆ ಕೋಣೆಯನ್ನು ಅವಳಿಗೆ ಕೊಟ್ಟಿದ್ದಳು. ಗುಳೇದಗುಡ್ಡದಲ್ಲಿ ಎಸ್ತೇರಬಾಯಿಯ ತಂದೆ ಒಬ್ಬರೇ ಇದ್ದರು. ಮಿಶನ್ನಿನಲ್ಲಿ ಉಪದೇಶಿಗಳಾಗಿ ನಿವೃತ್ತರಾದವರು, ಕಣ್ಣು ಮಂಜಾದವರು. ಹೋದ ತಿಂಗಳು ಅವರಿಂದ ಒಂದು ಕಾರ್ಡು ಬಂದಿತ್ತು: 'ಈಸ್ಟರಿಗೆ ನಿನ್ನಲ್ಲಿಗೇ ಬರುವೆ. ನಿನ್ನವ್ವ ಹೋದ ಮೇಲೆ ಎರಡು ವರ್ಷ ಆಯಿತು, ಹಬ್ಬದ ಶಿಲುಬೆ ಬನ್ನು ಬಾಯಿಗೆ ಬಿದ್ದಿಲ್ಲ. ಈ ಸಲವಾದರೂ ಸಿಕ್ಕೀತೇ?'

ಆ ಕೊನೆಯ ಸಾಲನ್ನು ಎಸ್ತೇರಬಾಯಿ ಗಟ್ಟಿಯಾಗಿ ಓದಲಾರದೆ ಗುರುಬಾಯಿಯ ಕೈಗೆ ಕೊಟ್ಟಿದ್ದಳು. ಅಂದಿನಿಂದ ಆ ಬನ್ನು ಗುರುಬಾಯಿಯ ಬನ್ನೂ ಆಗಿಬಿಟ್ಟಿತ್ತು.

"ನಮ್ಮ ಒಲಿ ಮ್ಯಾಲೆ ತತ್ತಿ ಗಿತ್ತಿ ಒಡದೀರಿ ಮತ್ತ!" ಎಂದು ಶಿವವ್ವ ಮೊದಲೇ ಕರಾರು ಹಾಕಿದ್ದಳು.

"ಇಲ್ರೀ ಶಿವವ್ವಾರ. ಹಾಲು, ಬೆಣ್ಣಿ, ಬೆಲ್ಲ, ಅಷ್ಟ. ತತ್ತಿ ಹೆಸರ ಸುದ್ದಾ ಎತ್ತೂದಿಲ್ಲ."

ಇನ್ನು ಹಿಟ್ಟು ಉಬ್ಬಿಸಲು ಬೇಕಾದದ್ದು ಸೇಂದಿ. ದಾರೂಬಂದಿ ಕಾಯ್ದೆ ಬಂದ ಮೇಲೆ ಅದರ ಹೆಸರು ಎತ್ತಿದರೂ ಪೊಲೀಸರು ಮನೆಗೆ ಬರುವ ಕಾಲ. ಅದಕ್ಕೇ ಎಸ್ತೇರಬಾಯಿ ಸೋಮವಾರವೇ ದ್ರಾಕ್ಷಿ ನೆನೆಸಿ, ನೀರು ಹುಳಿಯಾದ ಮೇಲೆ ಅದಕ್ಕೆ ಗೋದಿಹಿಟ್ಟು ಕಲಸಿ ಈ ಗಡಿಗೆ ಹೂಡಿದ್ದಳು. ಹಿಟ್ಟನ್ನು ಜರಡಿ ಹಿಡಿದದ್ದು ಗುರುಬಾಯಿಯೇ, ಅಪ್ಪ ನೇಯ್ದ ತೆಳು ಸೀರೆಯ ತುಂಡಿನಲ್ಲಿ, ಮೂರು ಸಲ. ಕಿತ್ತಳೆ ಸಿಪ್ಪೆಯನ್ನು ಬೆಲ್ಲದ ಪಾಕದಲ್ಲಿ ಹಾಕಿ ಒಣಗಿಸಿದ್ದಾಗಿತ್ತು. ದಾಲ್ಚಿನ್ನಿ, ಲವಂಗ, ಜಾಜಿಕಾಯಿ ಕುಟ್ಟಿ ಡಬ್ಬಿಯಲ್ಲಿಟ್ಟದ್ದಾಗಿತ್ತು. ಗುರುಬಾಯಿ ಆ ಡಬ್ಬಿಯನ್ನೂ ಆಗಾಗ ಮೂಸುತ್ತಿದ್ದಳು.

ಶನಿವಾರ ಇನ್ನೂ ಬಿಸಿಲು ಏರಿರಲಿಲ್ಲ, ಚಿಮ್ಮಡದಿಂದ ಚಕ್ಕಡಿ ಬಂದು ಬಾಗಿಲಿಗೆ ನಿಂತಿತು. ಒಬ್ಬಳಿಗೆ ಹೆರಿಗೆಯ ಬ್ಯಾನಿ ಹತ್ತಿತ್ತು. ಎಸ್ತೇರಬಾಯಿ ಚೀಲ ಹೆಗಲಿಗೇರಿಸಿ ಗುರುಬಾಯಿಯ ಎರಡೂ ಕೈ ಹಿಡಿದಳು.

"ಗುರೂ, ನಾ ಸಂಜಿಗೆ ಬಂದರ ಬಂದೆ. ನಮ್ಮಪ್ಪನ ಗಾಡಿನೂ ಸಂಜಿಗೇ ಐತಿ. ನೀನ ನಾದು, ನೀನ ಸುಡು. ಎಲ್ಲಾ ಹೇಳೇನಿಲ್ಲ ನಿನಗ?"

"ನಾ... ಒಬ್ಬಾಕಿ?"

"ಮತ್ತ್ಯಾರು? ಗಡಿಗಿ ನಿನ್ನ ಉಡ್ಯಾಗ ಹಾಕೇನಿ ನೋಡು," ಎಂದವಳೇ ಚಕ್ಕಡಿ ಹತ್ತಿದಳು.

ಗುರುಬಾಯಿಯ ಎದೆ ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡತೊಡಗಿತು. ನಾದುವ ಮುಂಚೆ ಗಡಿಗೆ ಸ್ವಲ್ಪ ಬೆಚ್ಚಗಿರಬೇಕು ಎಂದಿದ್ದಳು ಎಸ್ತೇರಬಾಯಿ. ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಹಿತ್ತಲಲ್ಲಿ ನೂಲಿಗೆ ಹಚ್ಚುವ ಗಂಜಿ ಕಾಯಿಸುವ ಒಲೆಯ ಕಟ್ಟೆ. ಅಲ್ಲಿಟ್ಟು, ಬಟ್ಟೆ ಸರಿಪಡಿಸಿ, ಎರಡು ಕೊಡ ನೀರು ತರಲು ಬಾವಿಗೆ ಹೋದಳು. ಅಲ್ಲಿ ಸರತಿ ಬರಲು ಒಂದು ತಾಸು ಹಿಡಿಯಿತು.

ತಿರುಗಿ ಬರುವಾಗ ಓಣಿಯ ತುಂಬ ಅಪ್ಪನ ಹಾಸು ಹರಡಿತ್ತು. ಈ ಗೂಟದಿಂದ ಆ ಗೂಟದವರೆಗೆ ಬಿಗಿದ, ಸೀರೆಯ ಕೆಂಪು ಉದ್ದೆಳೆಗಳು. ಅವುಗಳ ಮೇಲೆ ಅಪ್ಪ ಗೂಳಪ್ಪ ಉದ್ದನೆಯ ಕುಂಚದಿಂದ ಗಂಜಿ ಎಳೆಯುತ್ತಿದ್ದ. ಇದು ಮನೆಯಲ್ಲಿ ಎಂಟು ದಿನಕ್ಕೊಮ್ಮೆ ಇದ್ದದ್ದೇ. ಆದರೆ ಇವತ್ತು ಎದುರು ಮನೆಯ ವಿಠೋಬಾ ಹಾಸಿನ ಮೇಲೆ ಬಗ್ಗಿ ನಿಂತಿದ್ದ.

"ಏ ಗೂಳಪ್ಪಾ, ಗಂಜ್ಯಾಗ ಏನ ಹಾಕೀಯೋ? ಸೀರಿ ಉಡೂದೋ, ತಿನ್ನೂದೋ?" ಎಂದು ಎರಡು ಬೆರಳಲ್ಲಿ ಏನನ್ನೋ ಎತ್ತಿ ತೋರಿಸಿದ.

ಬೆಂದು ಉಬ್ಬಿದ ಒಂದು ದ್ರಾಕ್ಷಿ.

ಗುರುಬಾಯಿ ಕೊಡ ಇಳಿಸಿದ್ದೂ ಗೊತ್ತಾಗದೆ ಹಿತ್ತಲಿಗೆ ಓಡಿದಳು. ಪುಟ್ಟ ಗಡಿಗೆ ತೊಳೆದು ಬೋರಲು ಹಾಕಿತ್ತು.

ನೇಕಾರರ ಮನೆಯಲ್ಲಿ ಗಂಜಿ ಒಲೆಯ ಕಟ್ಟೆಯ ಮೇಲೆ ಹುಳಿತ ಗೋದಿಹಿಟ್ಟು ಇದ್ದರೆ ಅದು ಹಾಸಿನದು. ಬೇರೆ ಯಾತರದೂ ಆಗಿರಲು ಸಾಧ್ಯವೇ ಇಲ್ಲ. ಅಪ್ಪನೂ ಐದು ದಿನದ ಹಿಂದೆ ಹಿಟ್ಟು ನೆನೆಹಾಕಿದ್ದ. ಕೈಗೆ ಮೊದಲು ಸಿಕ್ಕ ಗಡಿಗೆಯನ್ನು ಕುದಿಯುವ ಕೊಪ್ಪರಿಗೆಗೆ ಸುರಿದಿದ್ದ. ತಪ್ಪು ಅವನದಲ್ಲ, ಅಲ್ಲಿಟ್ಟವಳದು. ಗುರುಬಾಯಿಗೆ ಕಾರ್ಡಿನ ಕೊನೆಯ ಸಾಲು ಕಣ್ಣಿಗೆ ಕಟ್ಟಿತು. ಹೊಸದಾಗಿ ದ್ರಾಕ್ಷಿ ನೆನೆಸಿದರೆ ಮತ್ತೆ ಐದು ದಿನ. ಬಸ್ಸು ಸಂಜೆಗೆ.

ಖಾಲಿ ಗಡಿಗೆಯನ್ನು ಎತ್ತಿಕೊಂಡಾಗ ಪಕ್ಕದಲ್ಲಿ ಸಣ್ಣ ಸದ್ದು ಕೇಳಿತು. ಚಿಟಿಚಿಟಿ.

ಕಟ್ಟೆಯ ಮೂಲೆಯಲ್ಲಿ ಅಪ್ಪನ ದೊಡ್ಡ ಗಡಿಗೆ. ಮುಚ್ಚಳ ತೆಗೆದಳು. ಅದೇ ಗುಳ್ಳೆ, ಅದೇ ನೊರೆ, ಬೆರಳಿಗೆ ಅದೇ ಜಿಗುಟು. ವಾಸನೆ ಕೊಂಚ ಹೆಚ್ಚು ಹುಳಿ, ಅಷ್ಟೇ. ಇದೂ ಗೋದಿಹಿಟ್ಟೇ. ಇದೂ ಜೀವಂತ ಇದೆ!

ಕೈ ಹಾಕುವಷ್ಟರಲ್ಲಿ ಇನ್ನೊಂದು ನೆನಪಾಗಿ ಕೈ ನಿಂತಿತು. ನೂಲಿಗೆ ಬೂಸಲು ಹತ್ತದಿರಲಿ ಎಂದು ಅಪ್ಪ ಗಂಜಿಗೆ ಮೈಲುತುತ್ತ ಹಾಕುತ್ತಾನೆ. ನೀಲಿ ಹರಳು, ಖರೆ ವಿಷ. ಹಾಕುವುದು ಯಾವಾಗ? ನೆನೆಸುವಾಗಲೋ, ಕುದಿಸುವಾಗಲೋ? ಗೊತ್ತಿರುವುದು ಅಪ್ಪನೊಬ್ಬನಿಗೆ. ಅವ್ವ ತಮ್ಮನನ್ನು ಎತ್ತಿಕೊಂಡು ಸಂತೆಗೆ ಹೋಗಿದ್ದಳು. ಕೂಗಿ ಹೇಳುವವರು ಯಾರೂ ಇರಲಿಲ್ಲ.

ಗುರುಬಾಯಿ ಹೊಸ್ತಿಲಲ್ಲಿ ನಿಂತಳು. ಅಪ್ಪ ಹಾಸಿನ ಆಚೆ ತುದಿಯಲ್ಲಿದ್ದ. ನಡುವೆ ಅರ್ಧ ಓಣಿ ಜನ.

"ಅಪ್ಪಾ!"

ಯಾರಿಗೂ ಕೇಳಲಿಲ್ಲ. ಉಸಿರು ಎಳೆದುಕೊಂಡು ಮತ್ತೊಮ್ಮೆ ಕೂಗಿದಳು.

"ಅಪ್ಪಾ! ದೊಡ್ಡ ಗಡಿಗ್ಯಾಗ ಮೈಲುತುತ್ತ ಹಾಕೀಯೇನು?"

ಕುಂಚ ಗಾಳಿಯಲ್ಲೇ ನಿಂತಿತು. ಓಣಿಯೆಲ್ಲ ತಿರುಗಿ ನೋಡಿತು.

"ಯಾರವಾ ಅಕಿ? ಗೂಳಪ್ಪನ ಮಗಳ? ಅಕಿಗೆ ದನಿ ಐತೇನು!" ಎಂದ ವಿಠೋಬಾ.

"ಇಲ್ಲಬೇ, ಅದು ಕುದಿಸೂಮುಂದ ಹಾಕೂದು. ಅದು ಬರೇ ಹಿಟ್ಟು, ನೀರು," ಎಂದ ಗೂಳಪ್ಪ ಗಾಬರಿಯಾಗಿ. "ಯಾಕ? ಏನಾತು?"

ಆಗ ಗುರುಬಾಯಿ ಅದನ್ನೂ ಹೇಳಿದಳು. ಗಡಿಗೆ ಯಾರದು, ಬನ್ನು ಯಾರಿಗೆ, ಕಾರ್ಡಿನಲ್ಲಿ ಏನಿತ್ತು, ಎಲ್ಲ. ಗೂಳಪ್ಪ ಕುಂಚ ನೋಡಿದ, ಹಾಸು ನೋಡಿದ, ಮಗಳ ಮುಖ ನೋಡಿದ. ಆಮೇಲೆ ಕುಂಚವನ್ನು ವಿಠೋಬಾನ ಕೈಗೆ ತುರುಕಿದ.

"ಹಿಡೀಪಾ ಇದನ್ನ. ಒಣಗೂದರೊಳಗ ಎಳದು ಮುಗಸು. ನನಗ ಮನ್ಯಾಗ ಕೆಲಸ ಐತಿ."

ಗುರುಬಾಯಿ ನಾದಿದಳು. ಗೋದಿಹಿಟ್ಟು, ಹಾಲು, ಬೆಣ್ಣೆ, ಬೆಲ್ಲ, ಮಸಾಲೆ, ದ್ರಾಕ್ಷಿ, ಸಿಪ್ಪೆ, ಅಪ್ಪನ ಗಡಿಗೆಯ ಎರಡು ಸೌಟು ಹುಳಿ. ಕಣಕವನ್ನು ಪರಾತದಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ತಂದೆ ಮಗಳು ಎದುರುಬದುರು ಕುಳಿತರು. ಒಂದು ತಾಸು ಆಯಿತು. ಏನೂ ಇಲ್ಲ. ಎರಡು ತಾಸು. ಬಟ್ಟೆಯ ಸುಕ್ಕು ಸಹ ಕದಲಲಿಲ್ಲ.

"ನಂದು ನೂಲಿಗಷ್ಟ ಲಾಯಕ್ಕ ಏನೋ," ಎಂದ ಗೂಳಪ್ಪ ಸಣ್ಣ ದನಿಯಲ್ಲಿ.

"ತಡೀಪಾ. ಬಿಸಿಲು ಇನ್ನೂ ಏರಲಿ."

ಚೈತ್ರದ ಬಿಸಿಲು ಏರಿತು. ಮೂರನೆಯ ತಾಸಿಗೆ ಬಟ್ಟೆಯ ಸುಕ್ಕು ಬಿಗಿಯಿತು. ನಡುಹೊತ್ತು ಜಾರುವುದರೊಳಗೆ ಕಣಕ ಪರಾತದ ಅಂಚು ಮುಟ್ಟಿತ್ತು. "ಎದ್ದೈತಿ! ಅಪ್ಪಾ, ಎದ್ದೈತಿ!" ಎಂದು ಗುರುಬಾಯಿ ಕುಣಿದೇ ಬಿಟ್ಟಳು. ಸಂತೆಯಿಂದ ಬಂದ ಶಿವವ್ವ ಬಾಗಿಲಲ್ಲೇ ನಿಂತು, ಇದು ನಮ್ಮ ಮನೆ ಹೌದೋ ಅಲ್ಲೋ ಎನ್ನುವ ಹಾಗೆ ನೋಡಿದಳು.

ಹನ್ನೆರಡು ಉಂಡೆಗಳಾಗಿ, ಇನ್ನೊಮ್ಮೆ ಉಬ್ಬಿದ ಮೇಲೆ ಅವುಗಳ ನೆತ್ತಿಗೆ ಶಿಲುಬೆ ಎಳೆಯಬೇಕಿತ್ತು. ಹಿಟ್ಟಿನ ನೀರನ್ನು ಬೆರಳಲ್ಲಿ ಎಳೆದರೆ ಸೊಟ್ಟ ಬರುತ್ತಿತ್ತು. ಗೂಳಪ್ಪ ಕೈ ತೊಳೆದು ಬಂದು, ಹೊಸ ನೂಲಿನ ಎಳೆಯನ್ನು ಹಿಟ್ಟಿನ ನೀರಿನಲ್ಲಿ ಅದ್ದಿ ಉಂಡೆಯ ಮೇಲೆ ಒತ್ತಿ ತೆಗೆದ.

"ಇದು ಹಾಸು," ಎಂದ. ಅಡ್ಡ ಇನ್ನೊಂದು ಒತ್ತಿದ. "ಇದು ಹೊಕ್ಕು. ಆತಲ್ಲ?"

ಗೆರೆ ಗಜಕಡ್ಡಿ ಇಟ್ಟಷ್ಟು ನೇರ. ದೊಡ್ಡ ಕಬ್ಬಿಣದ ಕಡಾಯಿಯಲ್ಲಿ ಮರಳು ಕಾಯಿಸಿ, ತಗಡಿನ ತಾಟಿನಲ್ಲಿ ಉಂಡೆಗಳನ್ನಿಟ್ಟು, ಮೇಲೆ ಮುಚ್ಚಿ ಮುಚ್ಚಳದ ಮೇಲೂ ಕೆಂಡ ಹರಡಿದರು. ಮೊದಲ ಸುತ್ತಿನ ಎರಡು ತಳ ಹಿಡಿದವು. ಉಳಿದವು ಹೊಂಬಣ್ಣಕ್ಕೆ ತಿರುಗಿದವು. ಓಣಿಯಲ್ಲಿ ಕುಂಚ ಎಳೆದು ಮುಗಿಸಿದ್ದ ವಿಠೋಬಾ ಮೂಗಿನ ಹಿಂದೆಯೇ ಬಂದು, ತಳ ಹಿಡಿದ ಎರಡನ್ನೂ ಕೂಲಿಯೆಂದು ತಿಂದು ಹೋದ.

ಎಸ್ತೇರಬಾಯಿ ಬಂದದ್ದು ದೀಪ ಹಚ್ಚುವ ಹೊತ್ತಿಗೆ, ಬಸ್ ಸ್ಟ್ಯಾಂಡಿನಿಂದ ತಂದೆಯ ಕೈ ಹಿಡಿದುಕೊಂಡು. ಬುಟ್ಟಿಯಲ್ಲಿದ್ದ ಹತ್ತು ಬನ್ನು ನೋಡಿ ಗುರುಬಾಯಿಯ ಕೆನ್ನೆ ಸವರಿದಳು. ಚಿಮ್ಮಡದಲ್ಲಿ ಹೆಣ್ಣು ಕೂಸು, ತಾಯಿ ಮಗು ಆರಾಮ ಎಂದಷ್ಟೇ ಹೇಳಿ ಮಲಗಿಬಿಟ್ಟಳು. ಹೇಳಬೇಕಾದದ್ದು ಗುರುಬಾಯಿಯ ನಾಲಿಗೆಯಲ್ಲೇ ಉಳಿಯಿತು.

ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಉಪದೇಶಿಗಳು ಪಡಸಾಲೆಗೆ ಬಂದು ಕುಳಿತರು. ಬನ್ನಿನ ಮೇಲಿನ ಶಿಲುಬೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮುರಿದು, ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಹುಬ್ಬು ಕೂಡಿತು.

"ಎಸ್ತೇರಾ, ನಿಮ್ಮವ್ವನ ಬನ್ನಿಗೆ ಇಷ್ಟ ಹುಳಿ ಇರತಿರಲಿಲ್ಲ."

ಎಸ್ತೇರಬಾಯಿ ಗುರುಬಾಯಿಯನ್ನು ನೋಡಿದಳು. ಗೂಳಪ್ಪ ನೆಲ ನೋಡಿದ. ಅವ್ವನ ಹಿಂದೆ ಸರಿದು ನಿಲ್ಲಲು ಗುರುಬಾಯಿಗೆ ಒಂದೇ ಹೆಜ್ಜೆ ಸಾಕಿತ್ತು. ಅವಳು ಮುಂದೆ ಬಂದಳು.

"ತಪ್ಪ ನಂದ್ರೀ ಅಜ್ಜಾರ. ಬಾಯಾರು ಕೊಟ್ಟ ಗಡಿಗಿ ನಾನ ಗಂಜಿ ಒಲಿಮ್ಯಾಲಿಟ್ಟಿದ್ದೆ, ಅಪ್ಪ ಅದನ್ನ ಹಾಸಿನ ಮ್ಯಾಲೆ ಎಳದಬಿಟ್ಟ. ಈ ಬನ್ನು ಎದ್ದಿದ್ದು ಗಂಜೀ ಹಿಟ್ಟಿನಿಂದ್ರೀ. ಮೈಲುತುತ್ತ ಇಲ್ಲ, ಕೇಳಿಕೊಂಡ ಮಾಡೇನಿ."

ಮುದುಕರ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಮತ್ತೆ ಅಗಿಯಿತು. ಮಂಜುಗಣ್ಣುಗಳು ಅರಳಿದವು.

"ಅದಕ್ಕ! ಅದಕ್ಕನ ನಾಲಿಗಿಗೆ ಗುರುತು ಸಿಕ್ಕಂಗಾತು! ತಂಗೀ, ನಮ್ಮಪ್ಪ, ನಮ್ಮಜ್ಜ ಎಲ್ಲಾ ಗುಳೇದಗುಡ್ಡದಾಗ ಕುಬಸದ ಖಣ ನೇಯ್ದವರು. ಸಣ್ಣಂವ ಇದ್ದಾಗ ಇಂಥಾ ಗಂಜೀ ಗಡಿಗ್ಯಾಗ ಬೆರಳ ಅದ್ದಿ ನೆಕ್ಕಿ ಎಷ್ಟ ಪೆಟ್ಟ ತಿಂದೇನಿ! ಎಪ್ಪತ್ತ ವರ್ಷ ಆತು." ನಗುತ್ತ ಕೈ ಚಾಚಿದರು. "ಇನ್ನೊಂದ ಕೊಡು. ಹೆಂಗ ಮಾಡಿದಿ? ಮೊದಲಿಂದ ಹೇಳು."

ಗುರುಬಾಯಿ ಮೊದಲಿನಿಂದ ಶುರುಮಾಡಿದಳು. ದ್ರಾಕ್ಷಿ, ವಿಠೋಬಾ, ಕಡಾಯಿ, ಮರಳು, ಎಳೆ ಅದ್ದಿ ಎಳೆದ ಗೆರೆ. ಹೊಕ್ಕಿನ ತನಕ ಬಂದರೂ ಮಾತು ನಿಲ್ಲಲಿಲ್ಲ. ಒಲ್ಲೆ ಒಲ್ಲೆ ಎನ್ನುತ್ತಲೇ ಅರ್ಧ ಬನ್ನು ಮುಗಿಸಿದ್ದ ಶಿವವ್ವ ಎಸ್ತೇರಬಾಯಿಯ ಕಡೆ ವಾಲಿದಳು.

"ಬಾಯಾರ, ಖರೆ ಹೇಳ್ರಿ. ಆ ಹುಳಿಹಿಟ್ಟ ಇಕಿಗೂ ಒಂದ ಸೌಟ ಕುಡಿಸೀರೇನು? ಉಕ್ಕಾಕತ್ತೈತಿ, ನಿಂದರವಲ್ದು!"