ತ್ರಿಜ್ಯಕ್ಕೆ ಹೆಸರಿಡದವನು

"ಕಣ್ಣು ಎಲ್ಲಿತ್ತು ನಿನ್ನದು? ಎರಡು ಅಂತ ಹಾಕಿದ್ದೀಯಲ್ಲ! ಅಲ್ಲಿ ಒಂದು ಹಾಕಬೇಕಿತ್ತು, ಒಂದು!" ಮೇಜಿಗೆ ಗುದ್ದಿದೆ.

"ಟ್ಯಾಂಕ್ ಎರಡು ಮೀಟರ್ ಅಗಲ ಉಂಟಲ್ಲ ಅಂಕಲ್. ನಾನೇ ಟೇಪ್ ಹಿಡಿದು ಅಳೆದದ್ದು," ಎಂದಳು ದೀಕ್ಷಿತಾ.

"ಅಗಲ ಯಾರು ಕೇಳಿದ್ದು? 'ಎ' ಅಂದರೆ ತ್ರಿಜ್ಯ. ಅಗಲದ ಅರ್ಧ!"

"ಹಾಗಂತ ಎಲ್ಲಿ ಬರೆದಿದ್ದೀರಿ? ಪ್ರೋಗ್ರಾಮಲ್ಲಿ ಬರೀ ಎ, ಬಿ, ಕೆ. ರೇಡಿಯಸ್ ಅಂತ ಹೆಸರಿಡಿ ಅಂತ ಮೂರು ಸಲ ಹೇಳಿದೆ. ನೀವು ನಗಾಡಿದಿರಿ."

ನಗಾಡಿದ್ದು ನಿಜ. ಅರಬ್ ನಾಡಿನ ವಫ್ರಾದ ಈ ತೋಟದಲ್ಲಿ ಸೌತೆಗೆ ನೀರು, ಗೊಬ್ಬರ ಬಿಡುವ ಯಂತ್ರದ ಪ್ರೋಗ್ರಾಮ್ ಬರೆದವನು ನಾನು, ರೋಹಿದಾಸ. ಓದಿದ್ದು ಊರ ಶಾಲೆಯಲ್ಲಿ ಹತ್ತನೆಯವರೆಗೆ. ಉಳಿದದ್ದು ಇಲ್ಲಿ ಫೋನು ನೋಡಿ ಕಲಿತದ್ದು. ನಮ್ಮ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಒಂದೊಂದೇ ಅಕ್ಷರ ಬರೆಯುತ್ತಿದ್ದರು; ನಾನೂ ಹಾಗೆಯೇ ಬರೆದೆ. ಯಾವ ಅಕ್ಷರ ಏನು ಎಂಬುದು ನನ್ನ ನೋಟ್‌ಬುಕ್ಕಿನಲ್ಲಿತ್ತು. ಉದ್ದುದ್ದ ಹೆಸರು ಬೇಕಾಗುವುದು ಲೆಕ್ಕ ಬಾರದವರಿಗೆ ಎಂದು ನನ್ನ ಕೈಕೆಳಗೆ ಕೆಲಸಕ್ಕೆ ಬಂದ ಈ ಹುಡುಗಿಗೆ ಹೇಳಿದ್ದೆ.

ನಾನು ರಜೆಯಲ್ಲಿದ್ದಾಗ ಹೊಸ ಟ್ಯಾಂಕ್ ಬಂತು. ಅವಳು ಅಳತೆ ತುಂಬಿದಳು. ತ್ರಿಜ್ಯ ಎರಡು ಪಟ್ಟಾದರೆ ನೀರಿನ ಲೆಕ್ಕ ನಾಲ್ಕು ಪಟ್ಟು. ಯಂತ್ರ ಆ ಲೆಕ್ಕ ನಂಬಿ ಗೊಬ್ಬರವನ್ನೂ ನಾಲ್ಕು ಪಟ್ಟು ಸುರಿಯಿತು. ಮೂರು ಹಸಿರುಮನೆಗಳ ಬಳ್ಳಿ ಸುಟ್ಟ ಕಾಗದದಂತೆ ಮುದುಡಿ ಬಿದ್ದಿತ್ತು.

"ನೋಟ್‌ಬುಕ್ ಡ್ರಾಯರಲ್ಲೇ ಇತ್ತಲ್ಲ ಮಾರಾಯ್ತಿ! ಓದಲಿಕ್ಕೆ ಎಂಥ ದಾಡಿ?"

ಅವಳ ದನಿ ಇಳಿಯಿತು. "ಅದು ಕನ್ನಡದಲ್ಲಿ ಉಂಟು ಅಂಕಲ್. ನಾನು ಈ ದೇಶದಲ್ಲೇ, ಸಾಲ್ಮಿಯಾದಲ್ಲಿ ಹುಟ್ಟಿದವಳು. ಮಾತಾಡ್ತೇನೆ, ಓದಲಿಕ್ಕೆ ಬರುವುದಿಲ್ಲ. ನಿಮಗೆ ಕಾಲ್ ಮಾಡಿದೆ. ಪುಸ್ತಕ ನೋಡು ಅಂತ ಬೈದು ಕಟ್ ಮಾಡಿದಿರಿ."



ಅಷ್ಟರಲ್ಲಿ ಮ್ಯಾನೇಜರ್ ಅಝರುದ್ದೀನ್ ಒಳಗೆ ಬಂದ. "ಯಾರು ಮಾಡಿದ್ದು ಇದು? ತೋಟದ ಧಣಿ, ಕಫೀಲ್ ಕೇಳ್ತಿದ್ದಾರೆ. ಒಬ್ಬರ ಕೆಲಸ ಇವತ್ತೇ ಖಲಾಸ್. ಯಾರು ಅಂತ ನೀವೇ ಹೇಳಿ."

ದೀಕ್ಷಿತಾ ನನ್ನನ್ನೇ ನೋಡುತ್ತಿದ್ದಳು. ಪ್ರೋಗ್ರಾಮ್ ನನ್ನದು, ತಪ್ಪು ನನ್ನದು ಎಂದರೆ ಮುಗಿಯುತ್ತಿತ್ತು. ನನಗೆ ಐವತ್ತನಾಲ್ಕು. ಇಲ್ಲಿಂದ ಹೊರಬಿದ್ದರೆ ಹತ್ತನೇ ಕ್ಲಾಸಿನವನಿಗೆ ಮತ್ಯಾರು ಕಂಪ್ಯೂಟರ್ ಮುಟ್ಟಲು ಬಿಡುತ್ತಾರೆ?

"ಅಳತೆ ತುಂಬಿದ್ದು ಇವಳು," ಎಂದೆ.

ಸುಳ್ಳಲ್ಲ. ಅದೇ ಹೇಸಿಗೆ.

ಅವಳು ಚಾರ್ಜರ್ ಸುತ್ತಿ ಬ್ಯಾಗಿಗೆ ಹಾಕಿದಳು. "ಇನ್ನು ಬರುವವರಿಗಾದರೂ ಹೆಸರು ಬರೆದಿಡಿ ಅಂಕಲ್," ಎಂದು ಬಾಗಿಲು ದಾಟಿದಳು.

ಕುಳಿತು 'ಎ' ಇದ್ದಲ್ಲೆಲ್ಲ ಟ್ಯಾಂಕಿನ ತ್ರಿಜ್ಯ ಎಂದು ಇಂಗ್ಲಿಷಿನಲ್ಲಿ ಬರೆದೆ. ಹತ್ತೊಂಬತ್ತು ಕಡೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಅವಳಿಗೆ ತೋರಿಸಬೇಕೆಂದು ಗೇಟಿನವರೆಗೆ ಓಡಿದೆ. ಬಸ್ಸೇ ಇಲ್ಲದ ಆ ರಸ್ತೆಯಲ್ಲಿ ಯಾರ ಗಾಡಿ ಹತ್ತಿದಳೋ, ಬರೀ ಬಿಸಿಲಿತ್ತು. ಅವಳು ಮತ್ತೆ ಬರಲಿಲ್ಲ.